ರಸಾಯನಾಚಾರ್ಯ ಅಘೋರನಾಥ ಚಟ್ಟೋಪಾಧ್ಯಾಯ

ಹೈದರಾಬಾದಿನಲ್ಲಿ ನೆಲೆಸಿದ ಕನ್ನಡ ಬಾಂಧವರಿಗೆ ಆಬಿಡ್ಸ್ ಪ್ರದೇಶದ ಗೋಲ್ಡನ್ ಥ್ರೆಶೋಲ್ಡ್ ಎಂಬ ಹಳೆಯ ಮನೆಯ ಹೆಸರು ಅಪರಿಚಿತವೇನಲ್ಲ. ಭಾರತದ ಕೋಗಿಲೆ ಎಂದು ಹೆಸರಾದ ಸರೋಜಿನಿ ನಾಯ್ಡು ಅವರ ಮನೆಯೆಂದು ನಾವು ಅದನ್ನು ಗುರುತಿಸುತ್ತೇವೆ. ಅಲ್ಲಿಗೆ ಹತ್ತಿರದಲ್ಲೇ ಇರುವ ನಿಜಾಮ್ ಕಾಲೇಜಂತೂ ನಮ್ಮ ಅನೇಕ ಕುಟುಂಬಗಳ ಎರಡು ಮೂರು ತಲೆಮಾರಿನವರು ಓದಿ ಬಂದ ವಿದ್ಯಾಸಂಸ್ಥೆ. ಈ ಮನೆ ಮತ್ತು ಈ ಕಾಲೇಜು, ಎರಡರ ಇತಿಹಾಸದ ಮೊದಲ ಪುಟದಲ್ಲಿಯೂ ಒಂದೇ ಹೆಸರು ಕಾಣುತ್ತದೆ. ಅದು ಡಾ. ಅಘೋರನಾಥ ಚಟ್ಟೋಪಾಧ್ಯಾಯರದು. ಮಗಳ ಕೀರ್ತಿಯ ಬೆಳಕಿನಲ್ಲಿ ತಂದೆಯ ಹೆಸರು ಮಸುಕಾದುದು ಸಹಜವಾದರೂ, ಈ ನಗರದಲ್ಲಿ ಆಧುನಿಕ ವಿದ್ಯೆಯ ಬೀಜ ಬಿತ್ತಿದವರಲ್ಲಿ ಅಗ್ರಗಣ್ಯರಾದ ಆ ಮಹನೀಯರ ಜೀವನವನ್ನು ನಮ್ಮ ಓದುಗರ ಮುಂದಿಡುವುದು ಉಚಿತವೆಂದು ನಾವು ಭಾವಿಸಿದ್ದೇವೆ. ಅವರ ಮನೆತನಕ್ಕೂ ಕನ್ನಡನಾಡಿಗೂ ಮುಂದೆ ಒದಗಿಬಂದ ಬಾಂಧವ್ಯವೂ ಇದಕ್ಕೆ ಇನ್ನೊಂದು ಕಾರಣ.

ಪೂರ್ವ ಬಂಗಾಳದಿಂದ ಎಡಿನ್‌ಬರೋಗೆ

ಅಘೋರನಾಥರು ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಪೂರ್ವ ಬಂಗಾಳದ ಬಿಕ್ರಮಪುರದಲ್ಲಿ, ಸಂಸ್ಕೃತ ವಿದ್ಯೆಗೆ ಹೆಸರಾದ ಬ್ರಾಹ್ಮಣ ಮನೆತನದಲ್ಲಿ ಜನಿಸಿದರು. ಆ ಪ್ರದೇಶ ಇಂದು ಬಾಂಗ್ಲಾದೇಶದಲ್ಲಿದೆ. ಢಾಕಾದಲ್ಲಿ ಆರಂಭಿಕ ಶಿಕ್ಷಣ ಮುಗಿಸಿ ಕಲಕತ್ತೆಯ ಪ್ರೆಸಿಡೆನ್ಸಿ ಕಾಲೇಜು ಸೇರಿದರು. ಅಂದಿನ ಬಂಗಾಳದಲ್ಲಿ ಬ್ರಹ್ಮಸಮಾಜದ ಚಳವಳಿ ಯುವಕರ ಮನಸ್ಸನ್ನು ಸೆಳೆದಿತ್ತು. ಕೇಶವಚಂದ್ರ ಸೇನರ ಪ್ರಭಾವಕ್ಕೆ ಒಳಗಾದ ಅಘೋರನಾಥರು ಜಾತಿಭೇದ, ಬಾಲ್ಯವಿವಾಹ, ಸ್ತ್ರೀಯರ ಅವಿದ್ಯೆ ಇವುಗಳನ್ನು ವಿರೋಧಿಸುವ ನಿಲುವನ್ನು ಆ ವಯಸ್ಸಿನಲ್ಲೇ ತಳೆದರು. ಈ ನಿಲುವು ಅವರ ಜೀವನದ ಕೊನೆಯವರೆಗೂ ಸಡಿಲಗೊಳ್ಳಲಿಲ್ಲ.

ಗಿಲ್‌ಕ್ರಿಸ್ಟ್ ವಿದ್ಯಾರ್ಥಿವೇತನ ಪಡೆದು ಅವರು ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾನಿಲಯಕ್ಕೆ ತೆರಳಿದರು. ಆ ವೇಳೆಗೆ ಅವರಿಗೆ ವರದಾಸುಂದರೀದೇವಿಯವರೊಡನೆ ವಿವಾಹವಾಗಿತ್ತು. ಗಂಡ ಕಡಲು ದಾಟಿ ಹೋದಾಗ ಎಳೆಯ ಪತ್ನಿ ತವರಿನಲ್ಲೋ ಅತ್ತೆಯ ಮನೆಯಲ್ಲೋ ಕಾಯುತ್ತ ಕುಳಿತಿರುವುದು ಅಂದಿನ ವಾಡಿಕೆ. ಅಘೋರನಾಥರಾದರೋ ಪತ್ನಿಯನ್ನು ಕೇಶವಚಂದ್ರರ ಭಾರತ ಆಶ್ರಮದಲ್ಲಿ ಓದಲು ಬಿಟ್ಟು ಹೊರಟರು. ಹೀಗೆ ದಂಪತಿಗಳಿಬ್ಬರೂ ಬೇರೆ ಬೇರೆ ಖಂಡಗಳಲ್ಲಿ ಏಕಕಾಲಕ್ಕೆ ವಿದ್ಯಾರ್ಥಿಗಳಾದರು. ವರದಾಸುಂದರಿಯವರು ಮುಂದೆ ಬಂಗಾಳಿಯಲ್ಲಿ ಕವಿತೆಗಳನ್ನು ರಚಿಸಿದರು, ಇಂಪಾಗಿ ಹಾಡುತ್ತಿದ್ದರು.

ಎಡಿನ್‌ಬರೋದಲ್ಲಿ ಆಗ ರಸಾಯನಶಾಸ್ತ್ರದ ಪೀಠದಲ್ಲಿದ್ದವರು ಅಲೆಕ್ಸಾಂಡರ್ ಕ್ರಮ್ ಬ್ರೌನ್. ಅಣುವಿನೊಳಗೆ ಪರಮಾಣುಗಳು ಹೇಗೆ ಜೋಡಣೆಗೊಂಡಿವೆ ಎಂಬುದನ್ನು ರೇಖೆಗಳಿಂದ ಚಿತ್ರಿಸಿ ತೋರಿಸುವ ಕ್ರಮವನ್ನು ರೂಢಿಗೆ ತಂದವರಲ್ಲಿ ಅವರೂ ಒಬ್ಬರು. ಇಂದು ಶಾಲಾಮಕ್ಕಳು ಬರೆಯುವ ರಚನಾಸೂತ್ರಗಳು ಆ ಕಾಲಕ್ಕೆ ಹೊಚ್ಚಹೊಸವು. ಇಂತಹ ವಾತಾವರಣದಲ್ಲಿ ಅಘೋರನಾಥರು 1870ರ ದಶಕದ ನಡುವೆ ಡಿ.ಎಸ್‌ಸಿ. ಪದವಿಯನ್ನು ಪಡೆದರು. ವಿಜ್ಞಾನದಲ್ಲಿ ಈ ಪದವಿಗೆ ಭಾಜನರಾದ ಮೊದಲ ಭಾರತೀಯರೆಂಬ ಖ್ಯಾತಿ ಅವರದು. ಬಂಗಾಳದ ಮತ್ತೊಬ್ಬ ಮಹಾ ರಸಾಯನಜ್ಞ ಆಚಾರ್ಯ ಪ್ರಫುಲ್ಲಚಂದ್ರ ರಾಯರು ಅದೇ ಎಡಿನ್‌ಬರೋಗೆ ತೆರಳಿದ್ದು 1882ರಲ್ಲಿ, ಅವರು ಡಿ.ಎಸ್‌ಸಿ. ಪಡೆದದ್ದು 1887ರಲ್ಲಿ. ಅಘೋರನಾಥರು ನಡೆದ ಹಾದಿ ಎಷ್ಟು ನಿರ್ಜನವಾಗಿತ್ತು ಎಂಬುದಕ್ಕೆ ಈ ವರ್ಷಗಳ ಅಂತರವೇ ಸಾಕ್ಷಿ.

ಬಾನ್ ನಗರ ಮತ್ತು ಬ್ಯೂರೆಟ್ಟಿನ ಕಥೆ

ಅಘೋರನಾಥರು ಜರ್ಮನಿಯ ಬಾನ್ ನಗರದಲ್ಲಿಯೂ ವ್ಯಾಸಂಗ ಮಾಡಿದರು. ರಸಾಯನಶಾಸ್ತ್ರದ ವಿದ್ಯಾರ್ಥಿಗೆ ಆಗ ಬಾನ್ ಒಂದು ಪುಣ್ಯಕ್ಷೇತ್ರವೇ ಸರಿ. ಬೆಂಜೀನಿನ ಉಂಗುರಾಕೃತಿಯನ್ನು ಕಲ್ಪಿಸಿದ ಆಗಸ್ಟ್ ಕೆಕುಲೆ 1867ರಿಂದ ಅಲ್ಲಿ ಪ್ರಾಧ್ಯಾಪಕರಾಗಿದ್ದರು. ಅದೇ ವಿಶ್ವವಿದ್ಯಾನಿಲಯದಲ್ಲಿ ಔಷಧಶಾಸ್ತ್ರ ಬೋಧಿಸುತ್ತಿದ್ದ ಇನ್ನೊಬ್ಬ ವಯೋವೃದ್ಧರಿದ್ದರು. ಅವರ ಹೆಸರು ಕಾರ್ಲ್ ಫ್ರೀಡ್ರಿಕ್ ಮೋರ್. ಕೆಕುಲೆಯಷ್ಟು ಪ್ರಸಿದ್ಧರಲ್ಲದ ಈ ಮೋರ್ ಅವರ ಹೆಸರನ್ನು ನಮ್ಮ ಮನೆಯ ಇಂಟರ್‌ಮೀಡಿಯೆಟ್ ವಿದ್ಯಾರ್ಥಿಗಳು ಪ್ರತಿವರ್ಷವೂ ಉಚ್ಚರಿಸುತ್ತಾರೆ. ಪ್ರಯೋಗಶಾಲೆಯಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟನ್ನು ಅಳೆಯಲು ಬಳಸುವ ಮೋರ್ ಲವಣಕ್ಕೆ ಆ ಹೆಸರು ಬಂದದ್ದು ಅವರಿಂದಲೇ.

ಅಜ್ಞಾತ ದ್ರಾವಣವೊಂದರ ಸಾರತೆಯನ್ನು ಕಂಡುಹಿಡಿಯುವ ಅನುಮಾಪನ ವಿಧಾನ, ಎಂದರೆ ಟೈಟ್ರೇಷನ್, ಅಘೋರನಾಥರ ತಲೆಮಾರಿನ ವಿದ್ಯಾರ್ಥಿಗಳ ಕಣ್ಣೆದುರಿಗೇ ಪಕ್ವಗೊಂಡ ವಿದ್ಯೆ. ಅದರ ಹುಟ್ಟು ಪಂಡಿತರ ಕೋಣೆಯಲ್ಲಿ ಆದುದಲ್ಲ, ವ್ಯಾಪಾರದ ಪೇಟೆಯಲ್ಲಿ. ಬಟ್ಟೆ ಬಿಳುಪುಗೊಳಿಸುವವರು, ಸಾಬೂನು ಮತ್ತು ಗಾಜು ತಯಾರಿಸುವವರು ಮೂಟೆಗಟ್ಟಲೆ ಕ್ಷಾರವನ್ನು ಕೊಳ್ಳುತ್ತಿದ್ದರು. ಆ ಮೂಟೆಯಲ್ಲಿ ನಿಜವಾದ ಕ್ಷಾರವೆಷ್ಟು, ಬೆರಕೆಯೆಷ್ಟು ಎಂದು ತಿಳಿಯುವ ಬಗೆ ಬೇಕಾಗಿತ್ತು. ಫ್ರಾನ್ಸಿನ ದೆಕ್ರ್ವಾಜಿಯ್ ಇದಕ್ಕಾಗಿ ಗೀಟು ಹಾಕಿದ ಗಾಜಿನ ನಳಿಕೆಗಳನ್ನು ರೂಪಿಸಿದರು. ಗೇ-ಲ್ಯುಸಾಕ್ 1820ರ ದಶಕದಲ್ಲಿ ಅವುಗಳನ್ನು ಸುಧಾರಿಸಿ ಬ್ಯೂರೆಟ್, ಪಿಪೆಟ್ ಎಂಬ ಹೆಸರುಗಳನ್ನು ಬಳಕೆಗೆ ತಂದರು. ಟೈಟ್ರೇಷನ್ ಎಂಬ ಮಾತಿನ ಮೂಲವೂ ಚಿನ್ನ ಬೆಳ್ಳಿಗಳ ಅಪ್ಪಟತನದ ಮಟ್ಟವನ್ನು ಸೂಚಿಸುವ ಫ್ರೆಂಚ್ ಪದ. ನಮ್ಮ ಅಕ್ಕಸಾಲಿಗರು ಚಿನ್ನವನ್ನು ಒರೆಗಲ್ಲಿಗೆ ಹಚ್ಚುವಂತೆ, ರಸಾಯನಜ್ಞರು ದ್ರಾವಣವನ್ನು ಒರೆಗೆ ಹಚ್ಚುವ ಕ್ರಮ ಇದು.

ಗೇ-ಲ್ಯುಸಾಕರ ಬ್ಯೂರೆಟ್ಟನ್ನು ಕೈಯಲ್ಲಿ ಹಿಡಿದು ಬಾಗಿಸಿ ಸುರಿಯಬೇಕಾಗಿತ್ತು. ಮೋರ್ ಅದನ್ನು ನೆಟ್ಟಗೆ ನಿಲ್ಲಿಸಿ, ಕೆಳತುದಿಗೆ ರಬ್ಬರ್ ಕೊಳವೆ ಕಟ್ಟಿ, ಅದನ್ನು ಅದುಮುವ ಒಂದು ಚಿಮುಟವನ್ನು ಸಿಕ್ಕಿಸಿದರು. ಬೆರಳೊತ್ತಿದರೆ ಹನಿ, ಬಿಟ್ಟರೆ ನಿಲುಗಡೆ. ಒಂದು ಕೈ ಬ್ಯೂರೆಟ್ಟಿನ ಮೇಲೆ, ಇನ್ನೊಂದು ಕೈ ಕೆಳಗಿನ ಪಾತ್ರೆಯನ್ನು ಅಲುಗಾಡಿಸಲು ಮುಕ್ತ. ಈ ಸಣ್ಣ ಬದಲಾವಣೆಯಿಂದ ಅಳತೆಯ ನಿಖರತೆ ಬಹಳವಾಗಿ ಹೆಚ್ಚಿತು. 1855ರಲ್ಲಿ ಅವರು ಪ್ರಕಟಿಸಿದ ಅನುಮಾಪನ ಗ್ರಂಥ ಯೂರೋಪಿನ ಪ್ರಯೋಗಶಾಲೆಗಳಿಗೆಲ್ಲ ಕೈಪಿಡಿಯಾಯಿತು.

ಈ ವಿಧಾನದ ತಿರುಳನ್ನು ಅರಿಯಲು ನಮ್ಮ ಹೆಂಗಳೆಯರಿಗೆ ಪುಸ್ತಕವೇ ಬೇಕಿಲ್ಲ. ಶುಭಕಾರ್ಯದಲ್ಲಿ ಆರತಿಗೆಂದು ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬೆರೆಸಿದರೆ ಅದು ಕೆಂಪಾಗುತ್ತದೆ. ಅದಕ್ಕೆ ನಿಂಬೆರಸ ಹಿಂಡುತ್ತ ಹೋದರೆ ಒಂದು ಹಂತದಲ್ಲಿ ಮತ್ತೆ ಹಳದಿಗೆ ತಿರುಗುತ್ತದೆ. ಸುಣ್ಣವು ಪ್ರತ್ಯಾಮ್ಲ, ನಿಂಬೆರಸವು ಆಮ್ಲ, ಅರಿಶಿನವು ಬಣ್ಣದಿಂದ ಸುಳಿವು ಕೊಡುವ ಸೂಚಕ. ಎಷ್ಟು ಹನಿ ನಿಂಬೆರಸ ಹಿಡಿಯಿತೆಂದು ಎಣಿಸಿದರೆ ನೀರಿನಲ್ಲಿ ಎಷ್ಟು ಸುಣ್ಣವಿತ್ತು ಎಂಬುದರ ಅಂದಾಜು ಸಿಗುತ್ತದೆ. ಈ ಅಂದಾಜನ್ನು ಲೆಕ್ಕವಾಗಿ ಮಾರ್ಪಡಿಸುವುದೇ ಅನುಮಾಪನ.

ಪ್ರಯೋಗಶಾಲೆಯಲ್ಲಿ ಇದು ನಡೆಯುವ ಬಗೆ ಹೀಗೆ. ನಮ್ಮ ಬಳಿ ಸಾರತೆ ತಿಳಿಯದ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣವಿದೆ ಎನ್ನೋಣ. ಈ ಕ್ಷಾರದ ಉಂಡೆಗಳು ಗಾಳಿಯ ತೇವವನ್ನೂ ಇಂಗಾಲದ ಡೈಆಕ್ಸೈಡನ್ನೂ ಹೀರುವುದರಿಂದ ಅದನ್ನು ತೂಗಿ ನಂಬುವಂತಿಲ್ಲ. ಆದ್ದರಿಂದ ತೂಗಿದಷ್ಟೂ ನಂಬಬಹುದಾದ ಆಕ್ಸಾಲಿಕ್ ಆಮ್ಲದ ಹರಳುಗಳನ್ನು ಆಧಾರವಾಗಿ ಹಿಡಿಯುತ್ತಾರೆ. ಈ ಆಮ್ಲವನ್ನು ಪ್ರಮಾಣವಸ್ತುವಾಗಿ ರೂಢಿಗೆ ತಂದವರೂ ಮೋರ್ ಅವರೇ. 6.3 ಗ್ರಾಂ ಹರಳನ್ನು ಕರಗಿಸಿ ಸರಿಯಾಗಿ ಒಂದು ಲೀಟರ್ ದ್ರಾವಣ ಮಾಡಿದರೆ ಅದು 0.1 ನಾರ್ಮಲ್ ಸಾರತೆಯದಾಗುತ್ತದೆ. ಪಿಪೆಟ್ಟಿನಿಂದ ಅದರ 20 ಮಿಲಿಲೀಟರನ್ನು ಶಂಕುವಿನಾಕಾರದ ಪಾತ್ರೆಗೆ ತೆಗೆದುಕೊಂಡು ಎರಡು ಹನಿ ಫಿನಾಲ್ಫ್‌ಥಲೀನ್ ಸೇರಿಸಬೇಕು. ದ್ರಾವಣಕ್ಕೆ ಬಣ್ಣವಿರುವುದಿಲ್ಲ. ಬ್ಯೂರೆಟ್ಟಿನಿಂದ ಕ್ಷಾರವನ್ನು ಇಳಿಸುತ್ತ, ಕೊನೆಗೊನೆಗೆ ಹನಿಹನಿಯಾಗಿ ಬಿಡುತ್ತ ಹೋದರೆ ಒಂದು ಹನಿಗೆ ನಸುಗುಲಾಬಿ ಬಣ್ಣ ಮೂಡಿ ನಿಲ್ಲುತ್ತದೆ. ಅದೇ ಅಂತ್ಯಬಿಂದು. ಒಮ್ಮೆ ಮಾಡಿ ತೃಪ್ತರಾಗದೆ, ಅಂಕೆಗಳು ಒಂದಕ್ಕೊಂದು ಹೊಂದುವವರೆಗೆ ಮತ್ತೆ ಮತ್ತೆ ಮಾಡಬೇಕು. ಪ್ರತಿಸಲವೂ 16 ಮಿಲಿಲೀಟರ್ ಕ್ಷಾರ ಹಿಡಿಯಿತೆನ್ನೋಣ. ಆಮ್ಲದ 20ನ್ನು 0.1ರಿಂದ ಗುಣಿಸಿ 16ರಿಂದ ಭಾಗಿಸಿದರೆ ಕ್ಷಾರದ ಸಾರತೆ 0.125 ನಾರ್ಮಲ್ ಎಂದು ತಿಳಿಯುತ್ತದೆ. ಅದನ್ನು 40ರಿಂದ ಗುಣಿಸಿದರೆ ಲೀಟರಿಗೆ 5 ಗ್ರಾಂ. ತಿಳಿದುದರ ಸಹಾಯದಿಂದ ತಿಳಿಯದುದನ್ನು ಅಳೆಯುವ ಸರಳವಾದ ಉಪಾಯವಿದು.

ಇಲ್ಲಿ ಸೂಚಕದ ಆಯ್ಕೆಯೂ ಮುಖ್ಯ. ಆಕ್ಸಾಲಿಕ್ ಆಮ್ಲ ಪ್ರಬಲವಾದುದಲ್ಲ. ಕ್ಷಾರದೊಡನೆ ಅದು ಸರಿಹೊಂದಿದಾಗ ದ್ರಾವಣವು ತುಸು ಕ್ಷಾರದ ಕಡೆಗೇ ವಾಲಿರುತ್ತದೆ. ಫಿನಾಲ್ಫ್‌ಥಲೀನ್ ಬಣ್ಣ ತಳೆಯುವುದು ಸರಿಯಾಗಿ ಅದೇ ಎಡೆಯಲ್ಲಿ. ಮೀಥೈಲ್ ಆರೆಂಜನ್ನು ಹಾಕಿದರೆ ಅದು ಬಹಳ ಮೊದಲೇ ಬಣ್ಣ ಬದಲಿಸಿ ನಮ್ಮನ್ನು ದಾರಿತಪ್ಪಿಸುತ್ತದೆ. ವಿಶೇಷವೆಂದರೆ ಈ ಎರಡು ಸೂಚಕಗಳು ಅನುಮಾಪನಕ್ಕೆ ಬಂದದ್ದು ಅನುಕ್ರಮವಾಗಿ 1877 ಮತ್ತು 1878ರಲ್ಲಿ. ಅದಕ್ಕೆ ಹಿಂದೆ ಹೆಚ್ಚಾಗಿ ಬಳಕೆಯಲ್ಲಿದ್ದುದು ಲಿಟ್ಮಸ್. ಅಘೋರನಾಥರು ಯೂರೋಪಿನ ವಿದ್ಯಾಭ್ಯಾಸ ಮುಗಿಸಿ ಹೈದರಾಬಾದಿಗೆ ಬಂದದ್ದೂ 1878ರಲ್ಲೇ. ಇಂದು ಹಳತೆಂದು ನಾವು ಭಾವಿಸುವ ಈ ಪ್ರಯೋಗ ಅಂದಿಗೆ ಎಷ್ಟು ತಾಜಾ ವಿದ್ಯೆಯಾಗಿತ್ತು ಎಂಬುದನ್ನು ಓದುಗರು ಊಹಿಸಬಹುದು.

ನಿಜಾಮರ ರಾಜಧಾನಿಯಲ್ಲಿ

ಅಂದಿನ ಹೈದರಾಬಾದ್ ಸಂಸ್ಥಾನದಲ್ಲಿ ಆರನೆಯ ನಿಜಾಮ್ ಮೀರ್ ಮಹಬೂಬ್ ಅಲಿ ಖಾನರು ಇನ್ನೂ ಬಾಲಕರು. ದಿವಾನರಾದ ಒಂದನೆಯ ಸಾಲಾರ್ ಜಂಗ್ ಆಡಳಿತವನ್ನು ಆಧುನಿಕಗೊಳಿಸಲು ದೇಶದ ನಾನಾ ಭಾಗಗಳಿಂದ ಸಮರ್ಥರನ್ನು ಕರೆಸುತ್ತಿದ್ದರು. ನಮ್ಮ ಬೀದರ್, ಕಲಬುರಗಿ, ರಾಯಚೂರು ಪ್ರದೇಶಗಳೂ ಆಗ ಈ ಸಂಸ್ಥಾನದ ಭಾಗಗಳೇ. 1956ರ ನವೆಂಬರ್ 1ರವರೆಗೂ ಅಲ್ಲಿನ ಕನ್ನಡಿಗರ ಪಾಲಿಗೆ ರಾಜಧಾನಿಯೆಂದರೆ ಹೈದರಾಬಾದೇ ಆಗಿತ್ತು. ಆದುದರಿಂದ ಇಲ್ಲಿ ಹುಟ್ಟಿದ ಪ್ರತಿಯೊಂದು ವಿದ್ಯಾಸಂಸ್ಥೆಯ ಫಲವೂ ಕೃಷ್ಣಾ ಭೀಮಾ ತೀರದ ಹಳ್ಳಿಗಳವರೆಗೆ ಹರಿಯುವಂತಿತ್ತು.

ಅಘೋರನಾಥರು ಇಲ್ಲಿ ಇಂಗ್ಲಿಷ್ ಶಿಕ್ಷಣದ ಶಾಲೆಯೊಂದನ್ನು ಆರಂಭಿಸಿದರು. ಅದು ಬೆಳೆದು ಹೈದರಾಬಾದ್ ಕಾಲೇಜಾಯಿತು, ಅವರು ಅದರ ಮೊದಲ ಪ್ರಾಂಶುಪಾಲರಾದರು. ಮುಂದೆ 1887ರಲ್ಲಿ ರೂಪುಗೊಂಡ ನಿಜಾಮ್ ಕಾಲೇಜಿಗೆ ಇದೇ ಬುನಾದಿ. ನಿಜಾಮ್ ಕಾಲೇಜು ಬಹುಕಾಲ ಮದ್ರಾಸ್ ವಿಶ್ವವಿದ್ಯಾನಿಲಯಕ್ಕೆ ಸೇರಿತ್ತು, 1947ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಅಂಗವಾಯಿತು. ಪಾರ್ಸಿ ಮತ್ತು ಉರ್ದು ವಿದ್ಯೆಗಳೇ ಗೌರವದ ಹಾದಿಯಾಗಿದ್ದ ನಗರದಲ್ಲಿ, ಬಂಗಾಳದಿಂದ ಬಂದ ಯುವಕನೊಬ್ಬ ವಿಜ್ಞಾನವನ್ನೂ ಹೊಸ ಶಿಕ್ಷಣವನ್ನೂ ಬೇರೂರಿಸಿದ್ದು ಸುಲಭದ ಕೆಲಸವಾಗಿರಲಿಲ್ಲ. ಅವರಿಗೆ ಉರ್ದುವಿನ ಮೇಲೆಯೂ ಪ್ರೀತಿ. ಮನೆಯಲ್ಲಿ ಮಕ್ಕಳೊಡನೆ ಆಡುತ್ತಿದ್ದುದು ಹಿಂದೂಸ್ತಾನಿ.

ಸ್ತ್ರೀಶಿಕ್ಷಣದ ಪರವಾಗಿ ಅವರು ದಂಪತಿ ಸಮೇತ ದುಡಿದರು. ಬ್ರಿಟಿಷ್ ಭಾರತದಲ್ಲಿ 1872ರಲ್ಲಿ ಜಾರಿಗೆ ಬಂದಿದ್ದ ವಿಶೇಷ ವಿವಾಹ ಕಾನೂನು ಈ ಸಂಸ್ಥಾನದಲ್ಲಿಯೂ ಬರಬೇಕೆಂದು ಶ್ರಮಿಸಿದರು. ಜಾತಿಯ ಕಟ್ಟನ್ನು ದಾಟಿ ವಿವಾಹವಾಗುವವರಿಗೆ ಆ ಕಾನೂನು ಆಸರೆಯಾಗಿತ್ತು.

ರೈಲು ಹಳಿಯ ವಿವಾದ ಮತ್ತು ಗಡೀಪಾರು

ಕಲಬುರಗಿ ಜಿಲ್ಲೆಯ ವಾಡಿ ಜಂಕ್ಷನ್ ನಮ್ಮಲ್ಲಿ ಹಲವರಿಗೆ ಊರಿಗೆ ಹೋಗುವ ದಾರಿಯ ನಿಲ್ದಾಣ. ವಾಡಿಯಿಂದ ಸಿಕಂದರಾಬಾದಿಗೆ ರೈಲುಮಾರ್ಗ 1874ರಲ್ಲಿ ತೆರೆಯಿತು. ಅದನ್ನು ಮುಂದುವರಿಸಿ ವಾರಂಗಲ್ಲಿನ ಮೂಲಕ ಕಲ್ಲಿದ್ದಲಿನ ನೆಲೆಯಾದ ಚಾಂದಾದ ಕಡೆಗೆ ಒಯ್ಯುವ ಯೋಜನೆ 1880ರ ದಶಕದ ಆರಂಭದಲ್ಲಿ ರೂಪುಗೊಂಡಿತು. ಲಂಡನ್ನಿನಲ್ಲಿ ಕಂಪನಿ ಸ್ಥಾಪಿಸಿ ಅಲ್ಲಿಯೇ ಬಂಡವಾಳ ಕೂಡಿಸುವುದು, ಹೂಡಿಕೆದಾರರ ಬಡ್ಡಿಗೆ ನಿಜಾಮ್ ಸರಕಾರ ಖಾತರಿ ನೀಡುವುದು ಅದರ ಕ್ರಮ. ಲಾಭ ಬಂದರೆ ಕಂಪನಿಗೆ, ನಷ್ಟ ಬಂದರೆ ಸಂಸ್ಥಾನದ ಖಜಾನೆಗೆ ಎಂಬ ಭಯ ವಿದ್ಯಾವಂತರಲ್ಲಿ ಹುಟ್ಟಿತು. ಯೋಜನೆಯ ಷರತ್ತುಗಳನ್ನು ಜನರ ಮುಂದಿಡಬೇಕೆಂದು ನಾಗರಿಕರ ಗುಂಪೊಂದು ಒತ್ತಾಯಿಸಿತು. ಅದರ ಮುಂಚೂಣಿಯಲ್ಲಿ ಅಘೋರನಾಥರು ಮತ್ತು ಮುಲ್ಲಾ ಅಬ್ದುಲ್ ಖಯ್ಯೂಮ್ ಇದ್ದರು.

ಸಂಸ್ಥಾನದ ಇತಿಹಾಸದಲ್ಲಿ ಪ್ರಜೆಗಳು ಸರಕಾರದ ಲೆಕ್ಕವನ್ನು ಕೇಳಿದ ಮೊದಮೊದಲ ಸಂದರ್ಭಗಳಲ್ಲಿ ಇದೂ ಒಂದು. 1883ರ ಫೆಬ್ರವರಿಯಲ್ಲಿ ಸಾಲಾರ್ ಜಂಗ್ ನಿಧನರಾದರು. ಅಘೋರನಾಥರನ್ನು ಕರೆಸಿಕೊಂಡಿದ್ದ ಆಡಳಿತದ ಆಸರೆ ಕಳಚಿತು. ಅದೇ ವರ್ಷ ಮೇ ತಿಂಗಳಲ್ಲಿ ಅವರನ್ನು ಹುದ್ದೆಯಿಂದ ತೆಗೆದು ಸಂಸ್ಥಾನದ ಗಡಿಯಾಚೆಗೆ ಕಳುಹಿಸಲಾಯಿತು. ಮನೆಯಲ್ಲಿ ನಾಲ್ಕು ವರ್ಷದ ಸರೋಜಿನಿ, ಇನ್ನೂ ಚಿಕ್ಕವನಾದ ಮಗ ವೀರೇಂದ್ರನಾಥ. ಕಟ್ಟಿದ ಕಾಲೇಜನ್ನೂ ನೆಲೆಯಾದ ಊರನ್ನೂ ಬಿಟ್ಟು ಅವರು ಕಲಕತ್ತೆಗೆ ಮರಳಬೇಕಾಯಿತು. ಒಂದು ರಾಜ್ಯ ತಾನೇ ಕರೆತಂದ ಗುರುವನ್ನು, ಅವನು ಪ್ರಶ್ನೆ ಕೇಳಿದ ಕಾರಣಕ್ಕೆ ಹೊರಹಾಕಿದ ಈ ಘಟನೆ ಅವರ ಜೀವನದ ಬಹುದೊಡ್ಡ ಪರೀಕ್ಷೆ. ಕ್ಷಮೆ ಕೇಳಿ ಹುದ್ದೆ ಉಳಿಸಿಕೊಂಡವರ ಸಾಲಿಗೆ ಅವರು ಸೇರಲಿಲ್ಲ. ಕೆಲವು ವರ್ಷಗಳ ಮೇಲೆ ಅವರನ್ನು ಮರಳಿ ಕರೆಸಿಕೊಳ್ಳಲಾಯಿತು, ಮತ್ತೆ ಅಧ್ಯಾಪನಕ್ಕೆ ತೊಡಗಿದರು. ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ಸಿನ ಆರಂಭದ ದಿನಗಳಲ್ಲೇ ಅದರ ಕಡೆಗೆ ಒಲಿದ ಹೈದರಾಬಾದಿಗರಲ್ಲಿ ಅವರೂ ಒಬ್ಬರು.

ತೆರೆದ ಬಾಗಿಲಿನ ಮನೆ

ಅಘೋರನಾಥರ ಮನೆಯ ಬಾಗಿಲು ಎಲ್ಲರಿಗೂ ತೆರೆದಿತ್ತು. ಅವರ ತೋಟದಲ್ಲಿ ಪಂಡಿತರು, ಮೌಲ್ವಿಗಳು, ಕವಿಗಳು, ಬೈರಾಗಿಗಳು, ರಾಜಮನೆತನದವರು, ಭಿಕ್ಷುಕರು ಒಂದೇ ಸಭೆಯಲ್ಲಿ ಕುಳಿತು ಮಾತನಾಡುತ್ತಿದ್ದರು. ನೀಳವಾದ ಬಿಳಿಗಡ್ಡ, ಮನೆಯೆಲ್ಲ ತುಂಬುವಂತಹ ನಗೆ. ತಂದೆಯ ಈ ಚಿತ್ರವನ್ನು ಸರೋಜಿನಿಯವರು ತಮ್ಮ ಪತ್ರಗಳಲ್ಲಿ ಬಿಡಿಸಿಟ್ಟಿದ್ದಾರೆ.

ಆ ಸಭೆಯಲ್ಲಿ ಮತ್ತೆ ಮತ್ತೆ ಬರುತ್ತಿದ್ದ ವಿಷಯ ರಸವಾದ. ಕೀಳುಲೋಹವನ್ನು ಚಿನ್ನವಾಗಿಸುವ ವಿದ್ಯೆಯನ್ನು ಅರಸಿ ಬಂದವರಿಗೆಲ್ಲ ಅಲ್ಲಿ ಆದರವಿತ್ತು, ಹಣವೂ ಅದಕ್ಕೆ ಕರಗುತ್ತಿತ್ತು. ಎಡಿನ್‌ಬರೋದ ಡಾಕ್ಟರರು ಪರುಷದ ಬೆನ್ನುಹತ್ತಿದ್ದು ವಿಚಿತ್ರವೆನಿಸಬಹುದು. ಆದರೆ ನಮ್ಮ ದೇಶದ ರಸವಿದ್ಯೆಯಲ್ಲಿ ಪಾದರಸದ ಸಂಸ್ಕಾರ, ಭಸ್ಮಗಳ ತಯಾರಿಕೆ ಮುಂತಾದ ನೈಜ ರಾಸಾಯನಿಕ ಜ್ಞಾನವೂ ಅಡಗಿತ್ತು ಎಂಬುದನ್ನು ಮರೆಯುವಂತಿಲ್ಲ. ಪ್ರಫುಲ್ಲಚಂದ್ರ ರಾಯರು ಆ ಗ್ರಂಥಗಳನ್ನು ಶೋಧಿಸಿ ಹಿಂದೂ ರಸಾಯನಶಾಸ್ತ್ರದ ಇತಿಹಾಸವನ್ನು 1902ರಲ್ಲಿ ಮತ್ತು 1909ರಲ್ಲಿ ಎರಡು ಸಂಪುಟಗಳಾಗಿ ಪ್ರಕಟಿಸಿದರು. ಅಘೋರನಾಥರು ಆ ಜ್ಞಾನವನ್ನು ಬದುಕಿರುವ ಜನರ ಬಾಯಿಂದ ಕೇಳಲು ಬಯಸಿದರು. ಚಿನ್ನ ದೊರೆಯಲಿಲ್ಲ. ಲೋಹದ ಪರಮಾಣುವಿನ ಗರ್ಭವೇ ಬದಲಾಗದೆ ಅದು ಚಿನ್ನವಾಗದು, ಅದು ಮೂಸೆಯ ಬೆಂಕಿಗೆ ದಕ್ಕುವ ಕೆಲಸವಲ್ಲ ಎಂಬುದು ಇಂದು ನಮಗೆಲ್ಲ ತಿಳಿದ ವಿಷಯ. ಪರಮಾಣುವಿನ ಗರ್ಭದ ಸ್ವರೂಪ ವಿಜ್ಞಾನಕ್ಕೆ ಗೋಚರಿಸಿದ್ದು 1911ರಲ್ಲಿ, ಅಘೋರನಾಥರ ಇಳಿವಯಸ್ಸಿನಲ್ಲಿ.

ಮಕ್ಕಳು ಎಂಟು ಮಂದಿ. ಹಿರಿಯಳಾದ ಸರೋಜಿನಿ ಗಣಿತಜ್ಞೆಯೋ ವಿಜ್ಞಾನಿಯೋ ಆಗಬೇಕೆಂಬುದು ತಂದೆಯ ಆಸೆ. ಇಂಗ್ಲಿಷ್ ಮಾತನಾಡಲು ಹಟಮಾಡಿ ಒಲ್ಲೆನೆಂದ ಒಂಬತ್ತು ವರ್ಷದ ಮಗಳನ್ನು ಅವರು ಒಂದು ದಿನವೆಲ್ಲ ಕೋಣೆಯಲ್ಲಿ ಕೂಡಿಹಾಕಿದ ಪ್ರಸಂಗ ಪ್ರಸಿದ್ಧವಾದುದು. ತಂದೆ ಕೊಟ್ಟ ಏಕೈಕ ಶಿಕ್ಷೆ ಅದೆಂದು ಮಗಳೇ ನೆನೆದಿದ್ದಾರೆ. ಮಕ್ಕಳಿಗೆ ಭಾಷೆ ಕಲಿಸಲು ಪರದಾಡುವ ಪರಊರಿನ ಕನ್ನಡ ತಾಯ್ತಂದೆಯರು ಈ ಪ್ರಸಂಗವನ್ನು ಓದಿ ನಗಬಹುದು, ಅನುಸರಿಸಬೇಕೆಂದು ನಾವು ಹೇಳುವುದಿಲ್ಲ. ಹನ್ನೊಂದನೆಯ ವಯಸ್ಸಿನಲ್ಲಿ ಬೀಜಗಣಿತದ ಲೆಕ್ಕವೊಂದು ಬಗೆಹರಿಯದೆ ಕುಳಿತಿದ್ದ ಸರೋಜಿನಿಗೆ ಲೆಕ್ಕದ ಬದಲು ಕವಿತೆಯೊಂದು ಹೊಳೆಯಿತು. ಹನ್ನೆರಡನೆಯ ವಯಸ್ಸಿಗೆ ಮದ್ರಾಸ್ ವಿಶ್ವವಿದ್ಯಾನಿಲಯದ ಮೆಟ್ರಿಕ್ಯುಲೇಷನ್ನಿನಲ್ಲಿ ತೇರ್ಗಡೆಯಾದ ಈ ಬಾಲಕಿ 1895ರಲ್ಲಿ ನಿಜಾಮರ ವಿದ್ಯಾರ್ಥಿವೇತನದ ಮೇಲೆ ಇಂಗ್ಲೆಂಡಿಗೆ ಹೋದಳು.

ಹಿಂತಿರುಗಿದ ಮೇಲೆ ಸರೋಜಿನಿಯವರು ಮೆಚ್ಚಿದ್ದು ಡಾ. ಗೋವಿಂದರಾಜುಲು ನಾಯ್ಡು ಅವರನ್ನು. ಜಾತಿ ಬೇರೆ, ಪ್ರಾಂತ ಬೇರೆ, ಭಾಷೆಯೂ ಬೇರೆ. ತಾವು ಬೋಧಿಸಿದ ತತ್ತ್ವವನ್ನು ತಮ್ಮ ಮನೆಯ ಹೊಸ್ತಿಲಲ್ಲೇ ಒರೆಗೆ ಹಚ್ಚುವ ಸಂದರ್ಭ ತಂದೆಗೆ ಎದುರಾಯಿತು. 1898ರ ಡಿಸೆಂಬರ್ 2ರಂದು ಮದ್ರಾಸಿನಲ್ಲಿ ಆ ವಿವಾಹ ನೆರವೇರಿತು. ಅದು ನಡೆದದ್ದು ಅಘೋರನಾಥರು ಹಂಬಲಿಸಿದ್ದ 1872ರ ಕಾನೂನಿನ ಪ್ರಕಾರ. ಸುಧಾರಕರೆನಿಸಿಕೊಂಡ ಎಷ್ಟೋ ಮಂದಿ ಸ್ವಂತ ಮಕ್ಕಳ ಮದುವೆಯಲ್ಲಿ ಎಡವಿದ ಕಾಲದಲ್ಲಿ ಅವರ ನುಡಿ ಮತ್ತು ನಡೆ ಒಂದಾಗಿ ನಿಂತವು.

ಕನ್ನಡನಾಡಿನ ಸೊಸೆ

ಮಗ ವೀರೇಂದ್ರನಾಥರ ಹಾದಿ ಬೇರೆಯದು. ಓದಲೆಂದು ಇಂಗ್ಲೆಂಡಿಗೆ ಹೋದವರು ಕ್ರಾಂತಿಕಾರಿಗಳ ಗುಂಪಿನಲ್ಲಿ ಬೆರೆತು, ಮೊದಲ ಮಹಾಯುದ್ಧದ ಕಾಲಕ್ಕೆ ಬರ್ಲಿನ್ನಿನಲ್ಲಿ ಭಾರತದ ಸ್ವಾತಂತ್ರ್ಯಕ್ಕಾಗಿ ದುಡಿದರು. ತಾಯ್ನಾಡಿಗೆ ಅವರು ಮತ್ತೆ ಮರಳಲಿಲ್ಲ. 1937ರಲ್ಲಿ ಸೋವಿಯತ್ ರಷ್ಯದಲ್ಲಿ ಸ್ಟಾಲಿನ್ನನ ದಮನಕ್ಕೆ ಬಲಿಯಾದರು.

ಕಿರಿಯ ಮಗ ಹರೀಂದ್ರನಾಥರು ಕವಿ, ನಾಟಕಕಾರ, ನಟ. 1952ರ ಮೊದಲ ಲೋಕಸಭೆಗೆ ವಿಜಯವಾಡದಿಂದ ಆರಿಸಿ ಬಂದವರು. 1972ರ ಬಾವರ್ಚಿ ಚಿತ್ರದ ಅಜ್ಜನ ಪಾತ್ರದಲ್ಲಿ ಅವರನ್ನು ನೋಡಿದ ನೆನಪು ನಮ್ಮ ಹಿರಿಯ ಓದುಗರಿಗೆ ಇದ್ದೀತು. 1968ರ ಆಶೀರ್ವಾದ್ ಚಿತ್ರದಲ್ಲಿ ಅಶೋಕ್ ಕುಮಾರ್ ಮಕ್ಕಳೊಡನೆ ಹಾಡುವ ರೈಲುಗಾಡಿಯ ಹಾಡನ್ನು ಬರೆದವರೂ ಅವರೇ. ರೈಲಿನ ವಿಷಯವಾಗಿ ಗಡೀಪಾರಾದ ತಂದೆಯ ಮಗ ದೇಶದ ಮಕ್ಕಳ ಬಾಯಲ್ಲಿ ರೈಲಿನ ಹಾಡನ್ನು ಉಳಿಸಿಹೋದರು.

ಈ ಹರೀಂದ್ರನಾಥರನ್ನು ಕೈಹಿಡಿದವರು ನಮ್ಮ ಮಂಗಳೂರಿನ ಕಮಲಾದೇವಿ. 1903ರಲ್ಲಿ ಸಾರಸ್ವತ ಮನೆತನದಲ್ಲಿ ಹುಟ್ಟಿ, ಬಾಲ್ಯದಲ್ಲೇ ವೈಧವ್ಯಕ್ಕೆ ತುತ್ತಾದವರು. ಮದ್ರಾಸಿನ ಕ್ವೀನ್ ಮೇರೀಸ್ ಕಾಲೇಜಿನಲ್ಲಿ ಅಘೋರನಾಥರ ಮಗಳು ಸುಹಾಸಿನಿಯ ಸ್ನೇಹ ಬೆಳೆದು, ಆ ಮೂಲಕ ಹರೀಂದ್ರನಾಥರ ಪರಿಚಯವಾಯಿತು. ವಿಧವಾವಿವಾಹವನ್ನು ಸಮಾಜ ಸಹಿಸದಿದ್ದ ದಿನಗಳಲ್ಲಿ ಇಬ್ಬರೂ ಮದುವೆಯಾದರು. ಮುಂದೆ ದಾಂಪತ್ಯ ಮುರಿದು ಬಿದ್ದರೂ ಕಮಲಾದೇವಿ ಚಟ್ಟೋಪಾಧ್ಯಾಯ ಎಂಬ ಹೆಸರು ಉಳಿಯಿತು. 1931ರಲ್ಲಿ ತೆರೆಕಂಡ ಮೃಚ್ಛಕಟಿಕ ಮೂಕಿಚಿತ್ರದಲ್ಲಿ ನಟಿಸಿದ್ದು, ಉಪ್ಪಿನ ಸತ್ಯಾಗ್ರಹದಲ್ಲಿ ಸೆರೆಮನೆ ಕಂಡದ್ದು, ಸ್ವತಂತ್ರ ಭಾರತದಲ್ಲಿ ಕೈಮಗ್ಗ ಮತ್ತು ಕರಕುಶಲ ಕಲೆಗಳಿಗೆ ಮರುಜೀವ ನೀಡಿದ್ದು, ಇವೆಲ್ಲ ಕನ್ನಡಿಗರಿಗೆ ಹೆಮ್ಮೆಯ ಸಂಗತಿಗಳು. ಈ ಸೊಸೆಯನ್ನು ಕಾಣುವ ಭಾಗ್ಯ ಅಘೋರನಾಥರಿಗೆ ಇರಲಿಲ್ಲ. ಅವರ ಮರಣದ ನಂತರ ಆಕೆ ಆ ಮನೆತನಕ್ಕೆ ಬಂದರು. ಆದರೂ ಬಾಲವಿಧವೆಯೊಬ್ಬಳು ಓದಿ, ತನ್ನ ಇಚ್ಛೆಯಿಂದ ಮರುಮದುವೆಯಾಗಿ, ಸಾರ್ವಜನಿಕ ಜೀವನಕ್ಕೆ ಕಾಲಿಟ್ಟದ್ದು ಅವರು ಜೀವಮಾನವಿಡೀ ಬಯಸಿದ್ದ ಬದಲಾವಣೆಯೇ ಆಗಿತ್ತು.

ಕೊನೆಯ ದಿನಗಳು

ಸೇವೆಯಿಂದ ಬಿಡುಗಡೆಹೊಂದಿದ ಮೇಲೆ ಅಘೋರನಾಥರು ಕಲಕತ್ತೆಯಲ್ಲಿ ನೆಲೆಸಿದರು. ಅಲ್ಲಿಯೂ ಮನೆಯ ಬಾಗಿಲು ತೆರೆದೇ ಇತ್ತು. ಮಗಳು ಕವಯಿತ್ರಿಯಾಗಿ ಕೀರ್ತಿ ಗಳಿಸಿದ್ದನ್ನು ಅವರು ಕಂಡರು. 1905ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಆಕೆಯ ಮೊದಲ ಪ್ರಮುಖ ಕವನಸಂಕಲನ ದಿ ಗೋಲ್ಡನ್ ಥ್ರೆಶೋಲ್ಡ್. ಆಬಿಡ್ಸಿನ ಮನೆಗೆ ಹೆಸರು ಬಂದದ್ದು ಆ ಪುಸ್ತಕದಿಂದ. ರಸವಾದಿ ತಂದೆ ಅರಸಿದ ಚಿನ್ನ ಮಗಳ ಪುಸ್ತಕದ ಹೆಸರಿನಲ್ಲಿ ಬಂದು ಕೂತಿತು ಎನ್ನಬೇಕು. ಹೊನ್ನಿನ ಹೊಸ್ತಿಲು ಎಂದೇ ಅದರ ಅರ್ಥ. 1915ರ ಜನವರಿ 28ರಂದು ಅಘೋರನಾಥರು ಕಲಕತ್ತೆಯಲ್ಲಿ ಕೊನೆಯುಸಿರೆಳೆದರು. ತಂದೆಯ ಆತ್ಮಕ್ಕೆ ವಂದನೆ ಸಲ್ಲಿಸಿ ಸರೋಜಿನಿಯವರು ಕವಿತೆಯೊಂದನ್ನು ರಚಿಸಿದರು. ಮಗಳು 1925ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷೆಯಾದುದನ್ನಾಗಲಿ, 1947ರಲ್ಲಿ ಸ್ವತಂತ್ರ ಭಾರತದ ಮೊದಲ ಮಹಿಳಾ ರಾಜ್ಯಪಾಲೆಯಾದುದನ್ನಾಗಲಿ ನೋಡಲು ಅವರು ಉಳಿದಿರಲಿಲ್ಲ.

ಗೋಲ್ಡನ್ ಥ್ರೆಶೋಲ್ಡ್ ಮುಂದೆ ವಿದ್ಯೆಗೇ ಮೀಸಲಾಯಿತು. 1974ರಲ್ಲಿ ಸ್ಥಾಪನೆಗೊಂಡ ಹೈದರಾಬಾದ್ ವಿಶ್ವವಿದ್ಯಾನಿಲಯ ತನ್ನ ಮೊದಲ ದಿನಗಳನ್ನು ಕಳೆದದ್ದು ಆ ಆವರಣದಲ್ಲಿ. ಇಂದು ಗಚ್ಚಿಬೌಲಿಯಲ್ಲಿ ಹರಡಿಕೊಂಡಿರುವ ಆ ವಿಶ್ವವಿದ್ಯಾನಿಲಯದ ರಸಾಯನಶಾಸ್ತ್ರ ವಿಭಾಗ ದೇಶದಲ್ಲೇ ಹೆಸರಾದುದು. ರಸಾಯನಜ್ಞನ ಮನೆತನದ ಹೊಸ್ತಿಲಿನಿಂದ ಹೊರಟ ವಿದ್ಯೆ ಹೀಗೆ ಬೆಳೆದು ನಿಂತಿರುವುದು ಸಂತೋಷದ ವಿಷಯ.

ನಮ್ಮ ನಗರದಲ್ಲಿ ಇಂದು ಪ್ರವೇಶಪರೀಕ್ಷೆಗಳ ತರಬೇತಿಯ ಭರಾಟೆ ಹೆಚ್ಚಿದೆ. ಅನುಮಾಪನದ ಸೂತ್ರವನ್ನು ಕ್ಷಣದಲ್ಲಿ ಬರೆಯಬಲ್ಲ ಮಕ್ಕಳು, ಬ್ಯೂರೆಟ್ಟಿನ ಕೊನೆಯ ಹನಿಗೆ ಬಣ್ಣ ತಿರುಗುವುದನ್ನು ಕಣ್ಣಾರೆ ಕಾಣುವ ಅವಕಾಶವಿಲ್ಲದೆಯೇ ಇಂಜಿನಿಯರಿಂಗ್ ಸೇರುವುದುಂಟು. ಆ ಹನಿಗಾಗಿ ತಾಳ್ಮೆಯಿಂದ ಕಾಯುವುದು, ಮೂರು ಸಲ ಅಳೆದು ಹೊಂದಿಕೆ ನೋಡುವುದು, ಬಂದ ಅಂಕೆಯನ್ನೇ ಬರೆಯುವುದು, ಇವು ಪುಸ್ತಕದಿಂದ ಬರುವ ಗುಣಗಳಲ್ಲ. ಇಂತಹ ಶಿಕ್ಷಣವನ್ನು ದೂರದೇಶದಿಂದ ಕಲಿತು ತಂದು, ಅದಕ್ಕಾಗಿ ಕಾಲೇಜು ಕಟ್ಟಿ, ಸತ್ಯವೆಂದು ಕಂಡುದಕ್ಕಾಗಿ ಊರನ್ನೇ ಬಿಡಲು ಸಿದ್ಧರಾದವರು ಅಘೋರನಾಥರು. ನಮ್ಮ ಮಕ್ಕಳನ್ನು ಮುಂದಿನ ಬಾರಿ ನಿಜಾಮ್ ಕಾಲೇಜಿನ ದಾರಿಯಲ್ಲಿ ಕರೆದೊಯ್ಯುವಾಗ ಹಿರಿಯರು ಅವರಿಗೆ ಈ ಹೆಸರನ್ನೂ ಹೇಳಲೆಂದು ಕೋರುತ್ತ, ಆ ಆಚಾರ್ಯರ ಸ್ಮೃತಿಗೆ ನಮ್ಮ ಗೌರವವಂದನೆಗಳನ್ನು ಅರ್ಪಿಸುತ್ತೇವೆ.